ನಿಂದಕನಿಗೆ ನಗೆಯ ಉತ್ತರ

(ಓದುಗರ ಬಳಗವೊಂದರ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಬರೆಯುವವರಿಗೆ, ಹಾಡುವವರಿಗೆ, ಊರಿನ ಕೆಲಸಕ್ಕೆ ಕೈ ಹಾಕಿದವರಿಗೆ ಇಬ್ಬರು ತಪ್ಪದೆ ಗಂಟು ಬೀಳುತ್ತಾರೆ. ಒಬ್ಬ, ಏನು ಮಾಡಿದರೂ ಹೊಗಳುವವನು. ಇನ್ನೊಬ್ಬ, ಏನು ಮಾಡಿದರೂ ತೆಗಳುವವನು. ಯೋಚಿಸಿ ನೋಡಿದರೆ ಮೊದಲನೆಯವನಿಂದಲೇ ಅಪಾಯ ಹೆಚ್ಚು. ಆದರೆ ನಮ್ಮ ನಿದ್ದೆ ಕೆಡಿಸುವವನು ಎರಡನೆಯವನು. ಹೊಗಳಿದ ಹತ್ತು ಮಾತು ಮರುದಿನ ಮರೆತುಹೋಗುತ್ತದೆ. ತೆಗಳಿದ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ನಾಲಿಗೆಯನ್ನು ಮತ್ತೆ ಮತ್ತೆ ಅಲ್ಲಿಗೇ ಎಳೆಯುತ್ತದೆ.

ಒಂದು ಸಲ ತೆಗಳಿ ಸುಮ್ಮನಾಗುವವನ ಮಾತು ಬೇರೆ. ಇಂದು ನಾನು ಹೇಳಹೊರಟಿರುವುದು ಬಿಡದೆ ಬೆನ್ನು ಹತ್ತಿದ ನಿಂದಕನ ವಿಷಯ. ಅವನನ್ನು ಏನು ಮಾಡಬೇಕು? ಬೈದರೆ ಅವನ ಮಟ್ಟಕ್ಕೆ ಇಳಿದ ಹಾಗೆ. ಸುಮ್ಮನಿದ್ದರೆ 'ನೋಡಿ, ಉತ್ತರವಿಲ್ಲ' ಎನ್ನುತ್ತಾನೆ. ಸಮಾಧಾನವಾಗಿ ವಿವರಿಸಲು ಹೋದರೆ ಆ ವಿವರಣೆಯಲ್ಲೇ ಹೊಸದಾಗಿ ನಾಲ್ಕು ತಪ್ಪು ಹುಡುಕುತ್ತಾನೆ. ಹಾಗಾಗಿ ಲೋಕದ ಜಾಣರು ಬಹಳ ಹಿಂದಿನಿಂದಲೂ ಇನ್ನೊಂದು ದಾರಿ ಹಿಡಿದಿದ್ದಾರೆ. ಅದು ನಗೆಯ ದಾರಿ. ಅದು ಎಲ್ಲಿಗೆ ಒಯ್ಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಕೆಲವು ನಿಜವಾದ ಜಗಳಗಳ ಮೂಲಕ ನೋಡೋಣ.

ನಮ್ಮಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ಹಳಗನ್ನಡದ ಕವಿಗಳು ಕಾವ್ಯ ಆರಂಭಿಸುವಾಗ ಇಷ್ಟದೇವತೆಯನ್ನು ಸ್ತುತಿಸಿ, ಹಿಂದಿನ ಕವಿಗಳನ್ನು ನೆನೆದು, ಆಮೇಲೆ ಕೆಲವು ಪದ್ಯಗಳನ್ನು ಕುಕವಿಗಳನ್ನೂ ದುರ್ಜನರನ್ನೂ ನಿಂದಿಸಲು ಮೀಸಲಿಡುತ್ತಿದ್ದರು. ಸಂಸ್ಕೃತದಲ್ಲಿ ಬಾಣಭಟ್ಟನೂ 'ಕಾದಂಬರಿ'ಯ ಪೀಠಿಕೆಯಲ್ಲಿ ಕಾರಣವಿಲ್ಲದೆ ಹಗೆ ಸಾಧಿಸುವವರ ಮಾತೆತ್ತುತ್ತಾನೆ. ಕತೆ ಇನ್ನೂ ಶುರುವಾಗಿಲ್ಲ, ಒಬ್ಬ ಓದುಗನೂ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಟೀಕಾಕಾರನಿಗೆ ಉತ್ತರ! ಮಳೆ ಬರುವ ಮೊದಲೇ ಕೊಡೆ ಬಿಚ್ಚಿದ ಹಾಗೆ. ಪುರಂದರದಾಸರ ದಾರಿ ಬೇರೆ. ನಿಂದಕರು ಇರಲೇಬೇಕು ಎನ್ನುತ್ತಾರೆ ಅವರು. ಹಂದಿಗಳಿದ್ದರೆ ಕೇರಿ ಶುಚಿಯಾಗುವಂತೆ ನಿಂದಕರಿದ್ದರೆ ನಮ್ಮ ಕೊಳೆ ಹೋಗುತ್ತದೆ ಎಂಬುದು ಅವರ ವಾದ. ಹೋಲಿಕೆಯ ಕುಚೋದ್ಯ ಗಮನಿಸಿ. ನಿಂದಕನಿಗೆ ಕೈಮುಗಿದು ಸ್ವಾಗತವೂ ಆಯಿತು. ಅವನು ಕೂರಬೇಕಾದ ಜಾಗ ಯಾವುದೆಂದು ತೋರಿಸಿದ್ದೂ ಆಯಿತು. ಬೈಗುಳವೂ ಉಪಕಾರ ಸ್ಮರಣೆಯೂ ಒಂದೇ ಮಾತಿನಲ್ಲಿ ಕೂಡಿರುವುದು ಅಪರೂಪ.

ಈಗ ಸ್ವಲ್ಪ ದೂರ ಹೋಗೋಣ. ಪಟ್ಟು ಬಿಡದ ಟೀಕಾಕಾರ ಮತ್ತು ಪಟ್ಟು ಬಿಡದ ನಗೆಗಾರ ಇವರಿಬ್ಬರ ಜಗಳಕ್ಕೆ ಹದಿನೆಂಟನೆಯ ಶತಮಾನದ ಫ್ರಾನ್ಸಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ವೋಲ್ತೇರನ ಹೆಸರು ನಿಮಗೆಲ್ಲ ಗೊತ್ತು. 1694ರಲ್ಲಿ ಹುಟ್ಟಿ 1778ರಲ್ಲಿ ತೀರಿಕೊಂಡ ಈತ ಯೂರೋಪಿನ ರಾಜರೂ ಹೆದರುತ್ತಿದ್ದ ಲೇಖಣಿಯ ಒಡೆಯ. ಅವನ ಬೆನ್ನು ಹತ್ತಿದವನ ಹೆಸರು ಎಲಿ ಕತರೀನ್ ಫ್ರೆರೋನ್. ಬ್ರಿಟನಿ ಪ್ರಾಂತ್ಯದ ಕ್ಯಾಂಪೇರ್ ಎಂಬ ಊರಿನವನು. ಜೆಸುಯಿಟ್ ಪಾದ್ರಿಗಳ ಬಳಿ ಓದಿ, ಅವರ ಶಾಲೆಯಲ್ಲೇ ಸ್ವಲ್ಪ ಕಾಲ ಪಾಠ ಹೇಳಿ, ಕೊನೆಗೆ ಪತ್ರಿಕೋದ್ಯಮಕ್ಕೆ ಬಂದ. 1754ರಲ್ಲಿ ಅವನು ಆರಂಭಿಸಿದ ಪತ್ರಿಕೆ 'ಲಾನೆ ಲಿತೆರೇರ್', ಅಂದರೆ 'ಸಾಹಿತ್ಯದ ವರ್ಷ'. ಹತ್ತು ದಿನಕ್ಕೊಮ್ಮೆ ಎಂಬಂತೆ ಒಂದು ಸಂಚಿಕೆ ಹೊರಡುತ್ತಿತ್ತು. ಹೊಸ ಪುಸ್ತಕಗಳ ವಿಮರ್ಶೆಯೇ ಅದರ ಮುಖ್ಯ ಸರಕು. ಫ್ರೆರೋನ್ ರಾಜನಿಗೂ ಚರ್ಚಿಗೂ ನಿಷ್ಠನಾದವನು. ದಿದೆರೋ, ದಾಲಾಂಬೇರ್ ಮುಂತಾದ ವಿಶ್ವಕೋಶದ ಗುಂಪಿನವರನ್ನು, ಅವರೆಲ್ಲರ ಹಿರಿಯಣ್ಣನಂತಿದ್ದ ವೋಲ್ತೇರನನ್ನು ಕಂಡರೆ ಅವನಿಗಾಗದು. ಆದರೆ ಅವನು ದಡ್ಡನಲ್ಲ. ಒಳ್ಳೆಯ ಓದು, ಹರಿತವಾದ ಗದ್ಯ, ಸಾಲು ಸಾಲಾಗಿ ತಪ್ಪು ಹಿಡಿಯುವ ತಾಳ್ಮೆ ಎಲ್ಲವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಬಿಡುತ್ತಿರಲಿಲ್ಲ. ಎರಡು ದಶಕಕ್ಕೂ ಮೇಲ್ಪಟ್ಟು ಅವನು ವೋಲ್ತೇರನನ್ನು ಕುಟುಕುತ್ತಲೇ ಇದ್ದ.

ವೋಲ್ತೇರ್ ಕೊಟ್ಟ ಉತ್ತರಗಳೆಲ್ಲ ಒಂದೊಂದೂ ಒಂದೊಂದು ಬಗೆಯ ಪಟಾಕಿ. ಮೊದಲನೆಯದು ಪತ್ರಿಕೆಯ ಹೆಸರಿಗೇ ಹಚ್ಚಿದ್ದು. ಫ್ರೆಂಚಿನಲ್ಲಿ 'ಆನೆ' ಎಂದರೆ ವರ್ಷ, 'ಆನ್' ಎಂದರೆ ಕತ್ತೆ. ಒಂದು ಸ್ವರ ಕತ್ತರಿಸಿದ್ದೇ ತಡ, 'ಸಾಹಿತ್ಯದ ವರ್ಷ' ಹೋಗಿ 'ಸಾಹಿತ್ಯದ ಕತ್ತೆ'ಯಾಯಿತು. ಎರಡನೆಯದು ಒಂದು ಹೊಸ ಪದ. ಪತ್ರಿಕೆಯ ಹಾಳೆಗಳನ್ನು ತುಂಬಿಸಿ ಹೊಟ್ಟೆ ಹೊರೆಯುವವನು ಎಂಬ ತಿರಸ್ಕಾರದ ಅರ್ಥ ಬರುವಂತೆ 'ಫೊಲಿಕ್ಯುಲೇರ್' ಎಂಬ ಮಾತನ್ನು ಅವನು 'ಕಾಂದೀದ್' ಕಾದಂಬರಿಯಲ್ಲಿ ಟಂಕಿಸಿದ. ಆ ಪದ ಇಂದಿಗೂ ಫ್ರೆಂಚ್ ನಿಘಂಟಿನಲ್ಲಿದೆ. ಮೂರನೆಯದು ನಾಲ್ಕೇ ಸಾಲಿನ ಚುಟುಕ. ಹಾವೊಂದು ಫ್ರೆರೋನನನ್ನು ಕಚ್ಚಿತು, ಸತ್ತದ್ದು ಮಾತ್ರ ಹಾವು ಎಂಬುದು ಅದರ ತಾತ್ಪರ್ಯ. ಈ ಹಾಸ್ಯದ ಮೂಲ ಹಳೆಯ ಗ್ರೀಕ್ ಚುಟುಕವೊಂದರಲ್ಲಿದೆ. ವೋಲ್ತೇರ್ ಹಳೆಯ ಹಾವನ್ನು ಹೊಸ ಬುಟ್ಟಿಯಲ್ಲಿಟ್ಟು ಆಡಿಸಿದ, ಅಷ್ಟೇ. ಎಷ್ಟೋ ಮಂದಿಗೆ ಇಂದು ಫ್ರೆರೋನ್ ಎಂಬುವನು ಗೊತ್ತಿರುವುದೇ ಈ ಹಾವಿನಿಂದ.

ನಾಲ್ಕನೆಯದು ದೊಡ್ಡ ಪಟಾಕಿ. 1760ರ ಮೇ ತಿಂಗಳಲ್ಲಿ ಪಾಲಿಸೋ ಎಂಬುವನು ಪ್ಯಾರಿಸಿನ ರಾಷ್ಟ್ರೀಯ ರಂಗಮಂದಿರವಾದ ಕಮೆಡಿ ಫ್ರಾಂಸೇಸಿನಲ್ಲಿ ವಿಶ್ವಕೋಶದ ಗುಂಪನ್ನು ಅಣಕಿಸುವ ನಾಟಕವಾಡಿಸಿದ್ದ. ರೂಸೋನ ಪ್ರಕೃತಿ ಪ್ರೇಮವನ್ನು ಗೇಲಿ ಮಾಡಲು ಪಾತ್ರವೊಂದು ನಾಲ್ಕು ಕಾಲಿನ ಮೇಲೆ ನಡೆದು ಸೊಪ್ಪು ಮೇಯುವ ದೃಶ್ಯವೂ ಅದರಲ್ಲಿತ್ತು. ಇದಕ್ಕೆ ಸವಾಲೆಂಬಂತೆ ಅದೇ ವರ್ಷ ಜುಲೈ 26ರಂದು, ಅದೇ ರಂಗದ ಮೇಲೆ ವೋಲ್ತೇರನ 'ಲೆಕೊಸೇಜ್', ಎಂದರೆ 'ಸ್ಕಾಟ್ಲೆಂಡಿನ ಹೆಣ್ಣು' ಎಂಬ ನಾಟಕ ಬಂತು. ಮುದ್ರಿತ ಪ್ರತಿಯಲ್ಲಿ ತನ್ನ ಹೆಸರು ಹಾಕಿರಲಿಲ್ಲ. ಹ್ಯೂಮ್ ಎಂಬ ಸ್ಕಾಟ್ಲೆಂಡಿನವನ ಕೃತಿಯ ಅನುವಾದವೆಂದು ಸೋಗು ಹಾಕಿದ್ದ. ಅದರಲ್ಲಿ ಲಂಡನ್ನಿನ ಕಾಫಿ ಅಂಗಡಿಯಲ್ಲಿ ಕೂತು, ಕಾಸು ಕೊಟ್ಟವರ ಪರವಾಗಿಯೂ ಕೊಡದವರ ವಿರುದ್ಧವಾಗಿಯೂ ಬರೆಯುವ ಪತ್ರಕರ್ತನೊಬ್ಬನ ಪಾತ್ರವಿದೆ. ಅವನ ಹೆಸರು 'ಫ್ರೆಲೋನ್'. ಫ್ರೆಂಚಿನಲ್ಲಿ ಹಾಗೆಂದರೆ ಕಣಜದ ಹುಳು. ಫ್ರೆರೋನ್, ಫ್ರೆಲೋನ್ - ಅಕ್ಷರ ಒಂದೇ ವ್ಯತ್ಯಾಸ. ರಂಗದ ಮೇಲೆ ತರುವಾಗ ಈ ಹೆಸರು ತೀರಾ ಬೆತ್ತಲೆಯಾಯಿತೆಂದು ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ವಾಸ್ಪ್' ಎಂದು ಮಾಡಿದರು. ಮುಸುಕು ಹಾಕಿದ್ದರಿಂದ ಮುಖ ಇನ್ನೂ ಚೆನ್ನಾಗಿ ಕಂಡಿತು.

ಇಲ್ಲಿಯವರೆಗೆ ಕೇಳಿದವರು ವೋಲ್ತೇರ್ ಗೆದ್ದ ಎನ್ನುತ್ತಾರೆ. ಸ್ವಲ್ಪ ತಾಳಿ.

ಫ್ರೆರೋನ್ ಏನು ಮಾಡಿದ? ನಾಟಕ ಇನ್ನೂ ಪುಸ್ತಕ ರೂಪದಲ್ಲಿದ್ದಾಗಲೇ ತನ್ನ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದ. ಸಿಟ್ಟಿನ ಒಂದು ಮಾತೂ ಇಲ್ಲ. ಇದನ್ನು ವೋಲ್ತೇರರೇ ಬರೆದಿದ್ದಾರೆಂದು ಜನ ಆಡಿಕೊಳ್ಳುತ್ತಿದ್ದಾರೆ, ನಾನಂತೂ ನಂಬುವುದಿಲ್ಲ, ಇಷ್ಟು ಸಾಧಾರಣವಾದ ಕೃತಿ ಅಷ್ಟು ಸೊಗಸಾದ ಲೇಖಣಿಯಿಂದ ಬರಲು ಸಾಧ್ಯವೇ ಎಂಬುದು ಅವನ ವಾದ! ಕರ್ತೃ ತನ್ನ ಹೆಸರು ಮರೆಸಿದ್ದನಲ್ಲ, ಆ ಮರೆಯೊಳಗೇ ಅವನನ್ನು ಹಿಡಿದು ಕೂಡಿಹಾಕಿದ ಹಾಗಾಯಿತು. ವೋಲ್ತೇರ್ ಈಗ ಹೊರಗೆ ಬಂದು 'ಅದು ನನ್ನದೇ' ಎಂದರೆ ಸಾಧಾರಣ ಕೃತಿಯ ಕರ್ತೃ. ಸುಮ್ಮನಿದ್ದರೆ ಫ್ರೆರೋನನ ಮಾತೇ ಕಡೆಯ ಮಾತು.

ಮೊದಲ ಪ್ರದರ್ಶನದ ರಾತ್ರಿ ವೋಲ್ತೇರ್ ಪ್ಯಾರಿಸಿನಲ್ಲಿರಲಿಲ್ಲ. ಅವನು ದೂರದಲ್ಲಿ, ಜಿನೀವಾ ಬಳಿ ನೆಲೆಸಿದ್ದ. ಫ್ರೆರೋನ್ ಮಾತ್ರ ಹೋಗಿ ಪ್ರೇಕ್ಷಕರ ನಡುವೆ ಕುಳಿತ. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ರಂಗದ ಮೇಲೆ ತನ್ನದೇ ಅಣಕು ಪಾತ್ರ ಬಂದಾಗಲೆಲ್ಲ ಮಂದಿರವೆಲ್ಲ ತನ್ನತ್ತ ತಿರುಗಿ ನಗುತ್ತಿರುವಾಗ ಕುರ್ಚಿಯಲ್ಲಿ ಕೂತಿರುವುದು ಸುಲಭದ ಮಾತಲ್ಲ. ಆಮೇಲೆ ಅವನು ಆ ರಾತ್ರಿಯ ವರದಿ ಬರೆದ. 'ಒಂದು ಮಹಾಯುದ್ಧದ ವರದಿ' ಎಂಬ ಅರ್ಥದ ತಲೆಬರಹ. ಧಾಟಿ ಯುದ್ಧಭೂಮಿಯಿಂದ ಬರುವ ಸರಕಾರಿ ಪ್ರಕಟಣೆಯದು. ಚಪ್ಪಾಳೆ ಹೊಡೆಯಲು ಬಂದ ತತ್ವಜ್ಞಾನಿಗಳ ಬೆಂಬಲಿಗರು ಅಲ್ಲಿ ಸೈನ್ಯ. ಅದಕ್ಕೆ ದಳಪತಿಗಳು, ಮೀಸಲು ಪಡೆ, ವ್ಯೂಹ ಎಲ್ಲವೂ ಇವೆ. ಗೆದ್ದ ಮೇಲೆ ದೇವರಿಗೆ ಕೃತಜ್ಞತೆಯಾಗಿ ಹಾಡುವ 'ತೆ ದೇಯುಂ' ಸ್ತೋತ್ರದ ಬದಲು ಅವರೆಲ್ಲ ಸೇರಿ 'ತೆ ವೋಲ್ತೇರಿಯುಂ' ಹಾಡಿದರಂತೆ! ಆಗ ಪುಸ್ತಕ ಪತ್ರಿಕೆಗಳ ಮೇಲೆ ಸರಕಾರದ ಕಣ್ಗಾವಲಿಗಿದ್ದ ಅಧಿಕಾರಿ ಮಾಲೆಶೆರ್ಬ್. ಅವನ ಒಪ್ಪಿಗೆಗಾಗಿ ಫ್ರೆರೋನ್ ತನ್ನ ಬರಹವನ್ನು ತಿದ್ದಿ ಕೊಡಬೇಕಾಯಿತು.

ನಾಟಕ ಚೆನ್ನಾಗಿಯೇ ಓಡಿತು. ಆದರೆ ಆ ವರ್ಷದ ಎಲ್ಲ ಹಾಸ್ಯ ಬರಹಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಫ್ರೆರೋನನ ವರದಿಗೇ ನನ್ನ ಮತ. ಯಾಕೆಂದರೆ ವೋಲ್ತೇರ್ ಎದುರಾಳಿಯನ್ನು ಕತ್ತೆ, ಕಣಜ, ಹಾವಿಗಿಂತ ವಿಷದವನು ಎಂದು ಪ್ರಾಣಿ ಸಂಗ್ರಹಾಲಯಕ್ಕೆ ಸೇರಿಸಿದ. ಫ್ರೆರೋನ್ ಎದುರಾಳಿಯ ಕೃತಿಯನ್ನೂ ಅವನ ಬಳಗದ ಗದ್ದಲವನ್ನೂ ನೋಡಿ ನಕ್ಕ. ಮೊದಲನೆಯದಕ್ಕೆ ಗುರಿ ಮನುಷ್ಯ; ಎರಡನೆಯದಕ್ಕೆ ಗುರಿ ಅವನ ನಡತೆ. ನಮ್ಮ ಭಾಷೆಯಲ್ಲಿ ಇವಕ್ಕೆ ಬೇರೆ ಬೇರೆ ಪದಗಳೇ ಇವೆ. ಒಂದು ಲೇವಡಿ, ಇನ್ನೊಂದು ವಿಡಂಬನೆ.

ಲೇವಡಿಗೆ ಇನ್ನೊಂದು ಗುಣವಿದೆ. ಅದು ಬೆಳೆಯುತ್ತ ಹೋಗಿ ಬೇರೇನೋ ಆಗುತ್ತದೆ. ವೋಲ್ತೇರನ ಪಾಳೆಯದಿಂದ ಆ ಕಾಲಕ್ಕೇ ಫ್ರೆರೋನನ ಖಾಸಗಿ ಬದುಕಿನ ಬಗೆಗೆ ಕೊಳಕು ಆಪಾದನೆಗಳ ಕಿರುಹೊತ್ತಗೆಯೊಂದು ಹೊರಬಿತ್ತು. ಅದರಲ್ಲಿ ನಗೆಯಿರಲಿಲ್ಲ. ಅದಕ್ಕೂ ಮೊದಲೇ ದಾಲಾಂಬೇರನು ಫ್ರೆರೋನನ ಟೀಕೆಗಳ ಮೇಲೆ ಕ್ರಮ ತೆಗೆದುಕೊಳ್ಳಬೇಕೆಂದು ಮಾಲೆಶೆರ್ಬನಿಗೆ ದೂರು ಕೊಟ್ಟಿದ್ದ. ವಿಚಾರ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವರು ತಮ್ಮ ಟೀಕಾಕಾರನ ಬಾಯಿ ಮುಚ್ಚಿಸಲು ಸರಕಾರದ ಬಾಗಿಲು ತಟ್ಟಿದರು. ರಾಜನ ಅಧಿಕಾರಿಯಾದ ಮಾಲೆಶೆರ್ಬನೇ ಅವರಿಗೆ, ಸಾಹಿತ್ಯ ವಿಮರ್ಶೆಗೆ ಅವಕಾಶವಿರಲೇಬೇಕು ಎಂದು ಬುದ್ಧಿ ಹೇಳಬೇಕಾಯಿತು. ಯಾರು ಯಾವ ಪಾತ್ರ ಮಾಡುತ್ತಿದ್ದಾರೆ ಎಂಬುದೇ ಗೊಂದಲವಾಗುವ ನಾಟಕ ಇದು!

1776ರ ಮಾರ್ಚಿನಲ್ಲಿ ಫ್ರೆರೋನ್ ತೀರಿಕೊಂಡ. ಪತ್ರಿಕೆ ನಡೆಸುವ ಅವನ ಪರವಾನಗಿಯನ್ನು ಸರಕಾರ ಕಿತ್ತುಕೊಳ್ಳಲು ಹೊರಟಿದ್ದ ಹೊತ್ತು ಅದು. ಅವನ ಮಗ ಸ್ತಾನಿಸ್ಲಾಸ್ ಮುಂದೆ ಉಗ್ರ ಕ್ರಾಂತಿಕಾರಿಯಾಗಿ ರಾಜನ ಮರಣದಂಡನೆಗೆ ಮತ ಹಾಕಿದ. ಅದೇ ವಿಚಾರಣೆಯಲ್ಲಿ ರಾಜನ ಪರ ವಕಾಲತ್ತು ವಹಿಸಿದವರಲ್ಲಿ ವೃದ್ಧ ಮಾಲೆಶೆರ್ಬ್ ಒಬ್ಬ. 1794ರಲ್ಲಿ ಅವನೂ ಗಿಲೊಟಿನ್ನಿಗೆ ತಲೆ ಕೊಟ್ಟ. ನಗೆಯಿಂದ ಆರಂಭವಾದ ಕತೆ ಇಲ್ಲಿಗೆ ಬಂದು ಮುಟ್ಟಿತು.

ಇಂಗ್ಲೆಂಡಿನ ಇನ್ನೊಂದು ಜಗಳ ಇದಕ್ಕಿಂತ ಚಿಕ್ಕದು, ಆದರೆ ಪಾಠ ದೊಡ್ಡದು. ಕವಿ ಅಲೆಕ್ಸಾಂಡರ್ ಪೋಪ್ 1725ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿ ಹೊರತಂದ. ಮಾರನೆಯ ವರ್ಷವೇ ಲೂಯಿಸ್ ತಿಯೊಬಾಲ್ಡ್ ಎಂಬುವನು ಆ ಸಂಪಾದನೆಯ ತಪ್ಪುಗಳನ್ನು ಎತ್ತಿ ತೋರಿಸಲೆಂದೇ ಒಂದು ಇಡೀ ಪುಸ್ತಕ ಬರೆದ. ತಲೆಬರಹದ ಪುಟದಲ್ಲೇ ಪೋಪನ ಹೆಸರು ಹಾಕಿ, ಅವನು ಮಾಡಿದ ತಪ್ಪುಗಳು, ತಿದ್ದದೆ ಬಿಟ್ಟ ತಪ್ಪುಗಳು ಎಂದು ಅಚ್ಚು ಹಾಕಿಸಿದ್ದ. ಪೋಪ್ ಕೊಟ್ಟ ಉತ್ತರ 1728ರಲ್ಲಿ ಬಂದ 'ಡನ್ಸಿಯಡ್' ಎಂಬ ಅಣಕು ಮಹಾಕಾವ್ಯ. ಮಂಕುತನವೆಂಬ ದೇವತೆ ತನ್ನ ಸಿಂಹಾಸನಕ್ಕೆ ತಕ್ಕ ದೊರೆಯನ್ನು ಆರಿಸುತ್ತಾಳೆ. ಆ ಪಟ್ಟಕ್ಕೆ ಏರುವವನು ತಿಯೊಬಾಲ್ಡ್. ಇಂಗ್ಲಿಷಿನ ಶ್ರೇಷ್ಠ ವಿಡಂಬನೆಗಳಲ್ಲಿ ಅದು ಒಂದು ಎಂಬುದರಲ್ಲಿ ಸಂದೇಹವಿಲ್ಲ. ಓದಿದವರೆಲ್ಲ ತಿಯೊಬಾಲ್ಡ್ ಎಂದರೆ ಪೆದ್ದ ಎಂದೇ ತಿಳಿದರು. ತಲೆಮಾರುಗಳ ಕಾಲ ಹಾಗೆಯೇ ತಿಳಿದರು.

ಆದರೆ ತಿಯೊಬಾಲ್ಡ್ ಹೇಳಿದ್ದರಲ್ಲಿ ಬಹುಪಾಲು ಸರಿಯಾಗಿತ್ತು! ಹಳೆಯ ಪಾಠಗಳನ್ನು ಹೋಲಿಸಿ, ಆ ಕಾಲದ ಬೇರೆ ಪುಸ್ತಕಗಳನ್ನು ಓದಿ, ಕಷ್ಟಪಟ್ಟು ಕೆಲಸ ಮಾಡುವ ರೀತಿ ಅವನದು. 'ಐದನೆಯ ಹೆನ್ರಿ' ನಾಟಕದಲ್ಲಿ ಫಾಲ್‌ಸ್ಟಾಫ್ ಸಾಯುವ ಹೊತ್ತಿನ ವರ್ಣನೆಯಲ್ಲಿ ಅಚ್ಚಿನ ದೋಷದಿಂದ ಅರ್ಥವೇ ಆಗದೆ ಉಳಿದಿದ್ದ ಒಂದು ಸಾಲು ಇತ್ತು. ಸಾಯುತ್ತಿರುವ ಆ ಮುದುಕ ಹಸಿರು ಬಯಲುಗಳ ಮಾತನ್ನು ಬಡಬಡಿಸುತ್ತಿದ್ದ ಎಂದು ಅರ್ಥ ಬರುವಂತೆ ತಿಯೊಬಾಲ್ಡ್ ಅದನ್ನು ತಿದ್ದಿದ. ಇಂದಿಗೂ ಹೆಚ್ಚಿನ ಆವೃತ್ತಿಗಳು ಆ ಪಾಠವನ್ನೇ ಅಚ್ಚು ಹಾಕುತ್ತವೆ. ಕಣ್ಣಲ್ಲಿ ನೀರು ತರಿಸುವ ಆ ಸಾಲು ನಮಗೆ ದಕ್ಕಿದ್ದು ಮಂಕುರಾಜನೆಂದು ಪಟ್ಟ ಕಟ್ಟಿಸಿಕೊಂಡ ಮನುಷ್ಯನಿಂದ. ಇನ್ನೂ ತಮಾಷೆಯೆಂದರೆ ಪೋಪನು ಅದೇ 1728ರಲ್ಲಿ ತನ್ನ ಷೇಕ್ಸ್‌ಪಿಯರನ ಎರಡನೆಯ ಆವೃತ್ತಿ ತಂದಾಗ ತಿಯೊಬಾಲ್ಡನ ಎಷ್ಟೋ ತಿದ್ದುಪಡಿಗಳನ್ನು ಒಳಗೆ ಸೇರಿಸಿಕೊಂಡ. ಒಂದು ಕೈಯಲ್ಲಿ ಔಷಧಿ ತೆಗೆದುಕೊಂಡು ಇನ್ನೊಂದು ಕೈಯಿಂದ ವೈದ್ಯನಿಗೆ ಗುದ್ದಿದ ಹಾಗೆ.

ನಗೆಯ ಉತ್ತರದಲ್ಲಿರುವ ದೊಡ್ಡ ಅಪಾಯ ಇದೇ. ಸಿಟ್ಟಿನ ಉತ್ತರಕ್ಕೆ ಓದುಗ ಅನುಮಾನಪಡುತ್ತಾನೆ. 'ಇವರಿಗೆ ಯಾಕಿಷ್ಟು ಉರಿ?' ಎಂದು ಕೇಳುತ್ತಾನೆ. ನಗೆಯ ಉತ್ತರಕ್ಕೆ ಹಾಗೆ ಕೇಳುವುದಿಲ್ಲ. ನಕ್ಕ ಕ್ಷಣದಲ್ಲೇ ಅವನು ನಮ್ಮ ಪಕ್ಷಕ್ಕೆ ಬಂದಾಯಿತು. ಟೀಕಾಕಾರ ಎತ್ತಿದ ಪ್ರಶ್ನೆ ಸರಿಯೋ ತಪ್ಪೋ ಎಂದು ತೂಗಿ ನೋಡುವ ಪುರಸೊತ್ತು ಯಾರಿಗೂ ಇರುವುದಿಲ್ಲ. ಒಳ್ಳೆಯ ಹಾಸ್ಯಗಾರನ ಎದುರು ಸತ್ಯ ಹೇಳುವ ಸಪ್ಪೆ ಮನುಷ್ಯ ಸೋತೇ ಸೋಲುತ್ತಾನೆ. ನಮ್ಮ ಪಂಚಾಯಿತಿ ಸಭೆಗಳಲ್ಲಿ, ಶಾಲಾ ಸಮಿತಿಗಳಲ್ಲಿ, ವಿಧಾನಸಭೆಯಲ್ಲಿ ಕೂಡ ಇದನ್ನು ಕಾಣಬಹುದು. ಲೆಕ್ಕ ಕೇಳಿದವನಿಗೆ ಒಂದು ಚಟಾಕಿ ಹಾರಿಸುತ್ತಾರೆ, ಸಭೆ ನಗುತ್ತದೆ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಕೇಳಿದವನು ಮತ್ತೆ ಎದ್ದು ನಿಂತರೆ 'ಇವನಿಗೆ ಹಾಸ್ಯಪ್ರಜ್ಞೆ ಇಲ್ಲ' ಎಂಬ ಬಿರುದು ಬೇರೆ.

ಹಾಗಾದರೆ ನಗೆಯ ಉತ್ತರವೇ ಬೇಡವೇ? ಬೇಕು. ಅದಕ್ಕೊಂದು ಧರ್ಮವಿದೆ. ಆ ಧರ್ಮ ಕಂಡದ್ದು ನಮ್ಮ ದೇಶದ ಒಬ್ಬ ಮುದುಕನಲ್ಲಿ.

1931ರ ಫೆಬ್ರವರಿಯಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ನರೊಡನೆ ಮಾತುಕತೆಗೆ ಹೋದಾಗ ವಿನ್‌ಸ್ಟನ್ ಚರ್ಚಿಲ್ ಉರಿದುಬಿದ್ದರು. ಲಂಡನ್ನಿನಲ್ಲಿ ಓದಿದ ವಕೀಲನೊಬ್ಬ ಫಕೀರನ ವೇಷ ಹಾಕಿ, ಅರೆಬೆತ್ತಲೆಯಾಗಿ ವೈಸರಾಯರ ಅರಮನೆಯ ಮೆಟ್ಟಿಲು ಹತ್ತುವುದು ಅಸಹ್ಯದ ನೋಟ ಎಂಬ ಅರ್ಥದಲ್ಲಿ ಭಾಷಣ ಮಾಡಿದರು. ಚರ್ಚಿಲ್ಲರೂ ಒಂದು ಸಲ ತೆಗಳಿ ಬಿಟ್ಟವರಲ್ಲ. ವರ್ಷಗಟ್ಟಲೆ ಗಾಂಧಿ ಎಂದರೆ ಕಿಡಿ ಕಾರಿದವರು. ಆಮೇಲೆ ಅವರೇ ಪ್ರಧಾನಿಯಾದರು. 1942ರ ಆಗಸ್ಟಿನಲ್ಲಿ ಗಾಂಧೀಜಿಯನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಿಟ್ಟದ್ದು ಅವರ ಸರಕಾರವೇ. ಸೆರೆಯಾದ ಒಂದು ವಾರದೊಳಗೆ, ಆಗಸ್ಟ್ 15ರಂದು, ಮಗನಂತಿದ್ದ ಕಾರ್ಯದರ್ಶಿ ಮಹದೇವ ದೇಸಾಯಿ ಅಲ್ಲಿ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಅಲ್ಲೇ ಕಣ್ಣು ಮುಚ್ಚಿದರು. ಮೇ ತಿಂಗಳಲ್ಲಿ ಗಾಂಧೀಜಿಯ ಬಿಡುಗಡೆಯಾಯಿತು. ಕಾಯಿಲೆಯಿಂದ ಬಳಲಿ ಪಂಚಗಣಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು.

ಅಲ್ಲಿಂದ ಜುಲೈ 17ರಂದು ಅವರು ಚರ್ಚಿಲ್ಲರಿಗೆ ಒಂದು ಪುಟ್ಟ ಪತ್ರ ಬರೆದರು. ಅದರ ಸಾರಾಂಶ ಇಷ್ಟು. ಬೆತ್ತಲೆ ಫಕೀರನನ್ನು ತಾವು ಹೊಸಕಿಹಾಕಬೇಕೆಂದಿರುವಿರಂತೆ, ನನ್ನನ್ನು ತಾವು ಹಾಗೆ ಕರೆದಿರುವಿರಂತೆ. ನಾನು ಬಹಳ ಕಾಲದಿಂದ ಫಕೀರನಾಗಲು ಯತ್ನಿಸುತ್ತಿದ್ದೇನೆ; ಅದರಲ್ಲೂ ಬೆತ್ತಲೆ ಫಕೀರನಾಗುವುದು ಇನ್ನೂ ಕಷ್ಟ. ಆದ್ದರಿಂದ ತಮ್ಮ ಮಾತನ್ನು, ತಾವು ಆ ಉದ್ದೇಶದಿಂದ ಆಡಿಲ್ಲವಾದರೂ, ಪ್ರಶಂಸೆಯೆಂದೇ ಸ್ವೀಕರಿಸುತ್ತೇನೆ. ಆ ಫಕೀರನಾಗಿಯೇ ತಮ್ಮನ್ನು ಕೇಳಿಕೊಳ್ಳುತ್ತೇನೆ: ತಮ್ಮ ಜನರಿಗಾಗಿ, ನನ್ನ ಜನರಿಗಾಗಿ, ಆ ಮೂಲಕ ಲೋಕದ ಜನರಿಗಾಗಿ ನನ್ನನ್ನು ನಂಬಿ, ನನ್ನನ್ನು ಬಳಸಿಕೊಳ್ಳಿ.

ಈ ಪತ್ರದ ಹಾಸ್ಯದಲ್ಲಿ ಏನೇನಿದೆ ನೋಡಿ. ಎದುರಾಳಿಯ ಬೈಗುಳವನ್ನು ಅವರು ತಳ್ಳಿಹಾಕಲಿಲ್ಲ. ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಬಿರುದು ದೊಡ್ಡದಾಯಿತು, ಅದಕ್ಕೆ ತಕ್ಕವನಾಗಲು ಇನ್ನೂ ಪ್ರಯತ್ನದಲ್ಲಿದ್ದೇನೆ ಎಂದು ವಿನಯದಿಂದ ಹೇಳಿದರು. ನಗೆ ಮೊದಲು ಬಿದ್ದದ್ದು ತಮ್ಮ ಮೇಲೆ. ಚರ್ಚಿಲ್ಲರ ಮೈಬಣ್ಣ, ಚುಟ್ಟ, ಹೊಟ್ಟೆ ಯಾವುದರ ಮಾತೂ ಇಲ್ಲ. ಕೊನೆಗೆ ನಗೆಯನ್ನು ಅಲ್ಲಿಗೇ ಬಿಡದೆ ಕೆಲಸದ ಮಾತಿಗೆ ಬಂದರು. ಪೋಪನ ನಗೆ ಟೀಕಾಕಾರನ ಬಾಯಿ ಮುಚ್ಚುವುದಕ್ಕೆ. ಗಾಂಧಿಯ ನಗೆ ಮಾತುಕತೆಯ ಬಾಗಿಲು ತೆರೆಯುವುದಕ್ಕೆ. ಹೆಂಡತಿ ಸತ್ತು ಆರು ತಿಂಗಳೂ ಆಗಿರಲಿಲ್ಲ, ಅದೂ ಎದುರಿನವರ ಸೆರೆಯಲ್ಲಿ. ಆ ಹೊತ್ತಿನಲ್ಲಿ ಕಹಿಯಿಲ್ಲದೆ ನಗುವುದು ಅಭ್ಯಾಸದಿಂದ ಬರುವ ಜಾಣತನವಲ್ಲ.

ಫಲವೇನಾಯಿತು ಎಂದು ಕೇಳುವಿರಿ. ತಕ್ಷಣಕ್ಕೆ ಏನೂ ಆಗಲಿಲ್ಲ. ಪತ್ರವೇ ದಾರಿಯಲ್ಲಿ ಕೈತಪ್ಪಿ, ಸೆಪ್ಟೆಂಬರಿನಲ್ಲಿ ಮತ್ತೆ ಕಳುಹಿಸಬೇಕಾಯಿತು. ಚರ್ಚಿಲ್ಲರ ಮನಸ್ಸು ಕರಗಲಿಲ್ಲ. 1945ರಲ್ಲಿ ಗಾಂಧೀಜಿ ಪತ್ರವನ್ನು ಪ್ರಕಟಿಸಿದರು. ಇಂದು ನಾವು ಆ 'ಅರೆಬೆತ್ತಲೆ ಫಕೀರ' ಎಂಬ ಮಾತನ್ನು ಗೌರವದಿಂದಲೇ ಆಡುತ್ತೇವೆ. ಬೈಗುಳ ಬೈದವನ ಕೈಬಿಟ್ಟು ಬೈಸಿಕೊಂಡವನ ಸ್ವತ್ತಾಯಿತು. ನಗೆಯ ಉತ್ತರಕ್ಕೆ ಇದಕ್ಕಿಂತ ದೊಡ್ಡ ಗೆಲುವು ಬೇಕಿಲ್ಲ.

ಅಧಿಕಾರದಲ್ಲಿರುವವರಿಗೆ ಮಾತ್ರ ಇನ್ನೂ ಒಂದು ಕರ್ತವ್ಯವಿದೆ. ಜವಾಹರಲಾಲ್ ನೆಹರೂ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ, 1937ರ ನವೆಂಬರಿನಲ್ಲಿ, ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ಚಾಣಕ್ಯ' ಎಂಬ ಗುಪ್ತನಾಮದಲ್ಲಿ ಬರೆದ ಲೇಖನವೊಂದು ಬಂತು. ಈ ಜವಾಹರಲಾಲನಿಗೆ ಜನಪ್ರೀತಿಯ ಅಮಲೇರುತ್ತಿದೆ, ಇವನು ಸರ್ವಾಧಿಕಾರಿಯಾಗಬಹುದು, ಇವನನ್ನು ಮತ್ತೆ ಅಧ್ಯಕ್ಷನಾಗಿ ಆರಿಸಬೇಡಿ ಎಂಬುದು ಅದರ ಎಚ್ಚರಿಕೆ. ಬರೆದವರು ನೆಹರೂ ಅವರೇ! ಬೇರೆಯವರು ಹೇಳಲು ಹಿಂಜರಿಯುವುದನ್ನು ತಾವೇ ಮುಸುಕು ಹಾಕಿ ಹೇಳಿಕೊಂಡರು. 1948ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ವಾರಪತ್ರಿಕೆ ಆರಂಭಿಸಿದಾಗ ಪ್ರಧಾನಿ ನೆಹರೂ ಅವರೇ ಅದನ್ನು ಉದ್ಘಾಟಿಸಿದರು. ನನ್ನನ್ನೂ ಬಿಡಬೇಡಿ ಎಂದು ಅವರು ಶಂಕರರಿಗೆ ಹೇಳಿದ್ದು ಪ್ರಸಿದ್ಧವಾಗಿದೆ. ಶಂಕರ್ ಬಿಡಲೂ ಇಲ್ಲ. ಆ ಪತ್ರಿಕೆ ನಿಂತದ್ದು 1975ರಲ್ಲಿ, ತುರ್ತುಪರಿಸ್ಥಿತಿಯ ವರ್ಷ. ದೊರೆಗೆ ನಗಲು ಬಾರದ ಕಾಲದಲ್ಲಿ ವಿದೂಷಕನಿಗೂ ಕೆಲಸವಿಲ್ಲ.

ಕನ್ನಡಕ್ಕೆ ಮರಳೋಣ. ನಮ್ಮ ಸಾಹಿತ್ಯದಲ್ಲಿ ಬೆನ್ನು ಬಿಡದ ಟೀಕಾಕಾರ ಯಾರು ಎಂದರೆ ನನಗೆ ಹೊಳೆಯುವ ಹೆಸರು ಒಂದೇ: ಮನೋರಮೆ. ಮುದ್ದಣನ ಮಡದಿ ಮನೋರಮೆ.

ಮುದ್ದಣ ಎಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಶಾಲೆಯ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತ, ಬಡತನದಲ್ಲಿ ಬದುಕಿ, 1901ರಲ್ಲಿ ಕ್ಷಯದಿಂದ ತೀರಿಕೊಂಡವನು. ತನ್ನ ಹೆಸರಿಗೆ ಬೆಲೆ ಸಿಗಲಾರದೆಂಬ ಅಳುಕಿನಿಂದ ತನ್ನ ಕೃತಿಗಳನ್ನು ಯಾವುದೋ ಹಳೆಯ ಕಾವ್ಯವೆಂಬಂತೆ ಮೈಸೂರಿನ ವಿದ್ವಾಂಸರಿಗೆ ಕಳುಹಿಸುತ್ತಿದ್ದವನು. ಅವನ 'ಶ್ರೀರಾಮಾಶ್ವಮೇಧ'ದಲ್ಲಿ ಕತೆಗಿಂತ ಜನರ ನಾಲಿಗೆಯ ಮೇಲೆ ಉಳಿದದ್ದು ಗಂಡ ಹೆಂಡಿರ ಸರಸ ಸಂವಾದ. ಮಳೆಗಾಲದ ಒಂದು ಸಂಜೆ, ಹೊತ್ತು ಹೋಗದ ಮನೋರಮೆ ಕತೆ ಹೇಳೆನ್ನುತ್ತಾಳೆ. ಆಮೇಲೆ ಹೆಜ್ಜೆ ಹೆಜ್ಜೆಗೂ ಅಡ್ಡಿ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಕವಿ ಗಂಭೀರವಾಗಿ ಉದ್ದುದ್ದ ಸಂಸ್ಕೃತ ಸಮಾಸಗಳಲ್ಲಿ ಶುರು ಮಾಡಿದರೆ, ಗಂಟಲಲ್ಲಿ ಇಳಿಯದ್ದನ್ನು ತುರುಕಬೇಡ, ತಿಳಿಯುವ ಕನ್ನಡದಲ್ಲಿ ಹೇಳು ಎಂದು ತಡೆಯುತ್ತಾಳೆ.

ಮುದ್ದಣನ ಉತ್ತರ ಏನು? ಅವನು ಅವಳನ್ನು ಕೆಣಕುತ್ತಾನೆ, ಅವಳ ಮಾತನ್ನೇ ತಿರುಗಿಸಿ ಅವಳಿಗೆ ಹೇಳುತ್ತಾನೆ, ಮುನಿಸು ತರಿಸುತ್ತಾನೆ, ಮತ್ತೆ ರಮಿಸುತ್ತಾನೆ. ಇಷ್ಟೆಲ್ಲ ಆಟವಾಡಿದ ಮೇಲೆ ಅವಳ ಮಾತು ಕೇಳುತ್ತಾನೆ! ಶೈಲಿ ಬದಲಾಗುತ್ತದೆ, ಕತೆ ತಿಳಿಗನ್ನಡಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮನೋರಮೆಯನ್ನು ಬರೆದವನೂ ಅವನೇ. ಹೊಸ ಕಾಲದ ಓದುಗ ತನ್ನನ್ನು ಏನೆಂದು ತೆಗಳಬಹುದು ಎಂದು ಊಹಿಸಿ, ಆ ಓದುಗನಿಗೆ ತನ್ನ ಕಾವ್ಯದೊಳಗೇ ಮಣೆ ಹಾಕಿ ಕೂರಿಸಿದ. ಹಿಂದಿನ ಕವಿಗಳು ಕುಕವಿನಿಂದೆಗೆ ಇಟ್ಟ ಜಾಗವನ್ನು ಮುದ್ದಣ ತನ್ನನ್ನು ತಾನೇ ತಿದ್ದಿಕೊಳ್ಳಲು ಬಳಸಿದ. ಕನ್ನಡ ಗದ್ಯ ಹಳೆಯ ದಾರಿಯಿಂದ ಹೊಸ ದಾರಿಗೆ ಹೊರಳಿದ ತಿರುವಿನಲ್ಲಿ ಒಬ್ಬ ಕವಿಯೂ ಅವನನ್ನು ಹಾಗೆಯೇ ಬಿಡದ ಒಬ್ಬ ಟೀಕಾಕಾರ್ತಿಯೂ ನಗುತ್ತ ನಿಂತಿದ್ದಾರೆ.

ಇಷ್ಟು ಕತೆ ಕೇಳಿದ ಮೇಲೆ ವ್ಯವಹಾರಕ್ಕೆ ಒದಗುವ ಎರಡು ಮಾತು ಹೇಳದಿದ್ದರೆ ನೀವು ನನ್ನನ್ನು ಬಿಡಲಾರಿರಿ. ಬಿಡದ ನಿಂದಕನೊಬ್ಬ ನಿಮಗೂ ಇದ್ದರೆ, ನಗೆಚಟಾಕಿ ಹಾರಿಸುವ ಮೊದಲು ಅವನು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬೇರೆಯಾಗಿ ಬರೆದಿಡಿ. ಅದರಲ್ಲಿ ಅವನ ಧಾಟಿ, ಅವನ ಅಸೂಯೆ, ಅವನ ಒರಟುತನ ಯಾವುದೂ ಬೇಡ. ಹೇಳಿದ ವಿಷಯ ಮಾತ್ರ ಇರಲಿ. ಚೀಟಿ ಖಾಲಿ ಉಳಿದರೆ ಧಾರಾಳವಾಗಿ ನಗಿ. ಏನಾದರೂ ಉಳಿದಿದ್ದರೆ ಮೊದಲು ಅದಕ್ಕೆ ಉತ್ತರ ಕೊಡಿ, ಆಮೇಲೆ ನಗಿ. ಎರಡನೆಯದಾಗಿ, ಅವನು ನಿಮಗಿಂತ ಮೇಲಿನವನೋ ಕೆಳಗಿನವನೋ ನೋಡಿಕೊಳ್ಳಿ. ಪ್ರಧಾನಮಂತ್ರಿಯನ್ನು ನೋಡಿ ಕೈದಿ ನಕ್ಕರೆ ಅದು ಧೈರ್ಯ; ಕೈದಿಯನ್ನು ನೋಡಿ ಪ್ರಧಾನಮಂತ್ರಿ ನಕ್ಕರೆ ಅದಕ್ಕೆ ಬೇರೆ ಹೆಸರಿದೆ. ನಿಮ್ಮ ಮಾತಿಗೆ ನೂರು ಮಂದಿ ಚಪ್ಪಾಳೆ ತಟ್ಟುವವರಿದ್ದು ಅವನು ಒಬ್ಬನೇ ಇದ್ದರೆ, ನಿಮ್ಮ ಒಂದು ಚಟಾಕಿ ಅವನ ಮೇಲೆ ನೂರು ಕಲ್ಲಾಗಿ ಬೀಳುತ್ತದೆ.

ಇನ್ನೊಂದು ಮಾತೂ ಉಂಟು. ಬಿಡದೆ ತೆಗಳುವವನು ಒಂದರ್ಥದಲ್ಲಿ ನಿಮ್ಮ ಅತ್ಯಂತ ನಿಷ್ಠಾವಂತ ಓದುಗ. ವೋಲ್ತೇರ್ ಬರೆದದ್ದನ್ನೆಲ್ಲ ಎರಡು ದಶಕಕ್ಕೂ ಹೆಚ್ಚು ಕಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವನು ಫ್ರೆರೋನ್. ಪೋಪನ ಷೇಕ್ಸ್‌ಪಿಯರನ್ನು ಸಾಲು ಸಾಲಾಗಿ ಓದಿದವನು ತಿಯೊಬಾಲ್ಡ್. ಹೊಗಳುವ ಸ್ನೇಹಿತರಲ್ಲಿ ಎಷ್ಟು ಮಂದಿ ಪುಸ್ತಕವನ್ನು ಕೊನೆಯವರೆಗೆ ಓದಿರುತ್ತಾರೆ ಎಂದು ಕೇಳಲು ಹೋಗಬೇಡಿ, ಸ್ನೇಹ ಕೆಟ್ಟೀತು.

ಈ ಮಾತುಗಳಲ್ಲಿ ತಪ್ಪು ಹುಡುಕಲು ನಮ್ಮ ನಡುವೆಯೇ ಕಿವಿ ನೆಟ್ಟಗೆ ಮಾಡಿ ಕೂತವರಿದ್ದಾರೆಂದು ಬಲ್ಲೆ. ಅವರು ಮುಂದಿನ ತಿಂಗಳೂ ತಪ್ಪದೆ ಬರಲಿ. ಮುಂದಿನ ಸಾಲಿನಲ್ಲೇ ಕೂರಲಿ.